ಅಪ್ಪಾ, ಈಜಿ ಇಡ್ಲಾ?

ಡಿಸೆಂಬರಿನ ಮಳೆ ಜೋರಾದರೆ ನುಂಗಂಬಾಕ್ಕಂನ ನಮ್ಮ ಮೇಲಂತಸ್ತಿನ ಮನೆಯ ಅಟ್ಟದ ಮೂಲೆಯಲ್ಲಿ ನೀರು ಜಿನುಗುತ್ತದೆ. ಕಳೆದ ವರ್ಷ ಹಾಗೆ ಜಿನುಗಿದ ಒಂದು ಭಾನುವಾರ ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಿದೆವು. ಮಗನ ತೊಟ್ಟಿಲಿನ ಹಲಗೆಗಳು, ಹಬ್ಬಕ್ಕೊಮ್ಮೆಯೂ ಹೊರಬರದ ಹಿತ್ತಾಳೆ ಪಾತ್ರೆ, ನನ್ನ ಎಂಟೆಕ್ ಥೀಸಿಸ್‌ನ ಎರಡು ಪ್ರತಿ. ಅವುಗಳ ಕೆಳಗೆ ಹಳೆಯ ಟವೆಲಿನಲ್ಲಿ ಸುತ್ತಿದ್ದ ಒಂದು ಕಪ್ಪು ಪೆಟ್ಟಿಗೆ: ನನ್ನ ಪ್ಲೇಸ್ಟೇಷನ್ 2.

ಎಂಟನೇ ಕ್ಲಾಸಿನ ಮಗ ಅದನ್ನು ತಿರುಗಿಸಿ ನೋಡಿ, "ಇದೇನಪ್ಪಾ, ಡಿವಿಡಿ ಪ್ಲೇಯರಾ?" ಎಂದ. ಜೊತೆಗಿದ್ದ ಏಳೆಂಟು ಡಿಸ್ಕುಗಳಲ್ಲಿ ಒಂದನ್ನು ಒರೆಸಿ ತನ್ನ ಪಿಎಸ್5ಗೆ ತೂರಿಸಿದ. ಅದು ಸ್ವಲ್ಪ ಹೊತ್ತು ಗುರುಗುಟ್ಟಿ ಸುಮ್ಮನಾಯಿತು.

"ತಗೊಳ್ತಿಲ್ಲ. ಡಿಸ್ಕ್ ಹಾಳಾಗಿದೆ."

"ಡಿಸ್ಕ್ ಸರಿಯಾಗೇ ಇದೆ ಕಣೋ. ನಿನ್ನ ಪೆಟ್ಟಿಗೆಗೆ ಅದನ್ನ ಓದೋಕೆ ಬರಲ್ಲ, ಅಷ್ಟೆ."

ಹೇಳಿದ ಮೇಲೆ ಆ ಮಾತು ನನಗೇ ಒಂಥರಾ ಕೇಳಿಸಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆ ಡಿಸ್ಕಿನಲ್ಲಿದ್ದದ್ದು 'ದೇಸಿ ಅಡ್ಡಾ'. 2009ರಲ್ಲಿ ಹೈದರಾಬಾದಿನ ಗೇಮ್‌ಶಾಸ್ತ್ರ ಎಂಬ ಸಂಸ್ಥೆ ಸೋನಿಗಾಗಿ ಮಾಡಿದ ಆಟ. ಕಬಡ್ಡಿ, ಗಾಳಿಪಟ, ಗಿಲ್ಲಿ ದಾಂಡು, ಅಂದರೆ ನಮ್ಮ ಚಿನ್ನಿದಾಂಡು, ಎಲ್ಲ ಅದರಲ್ಲಿದ್ದವು. ಅದೇ ವರ್ಷ ಅದೇ ಹೈದರಾಬಾದಿನಿಂದ 'ಹನುಮಾನ್: ಬಾಯ್ ವಾರಿಯರ್' ಕೂಡ ಬಂದಿತ್ತು. ಭಾರತದಲ್ಲೇ ತಯಾರಾದ ಮೊದಮೊದಲ ಕನ್ಸೋಲ್ ಆಟಗಳು ಇವು. ನಾನು 'ದೇಸಿ ಅಡ್ಡಾ' ಕೊಂಡದ್ದು ಇಲ್ಲೇ, ನುಂಗಂಬಾಕ್ಕಂ ಹೈ ರೋಡಿನ ಅಪೆಕ್ಸ್ ಪ್ಲಾಜಾದ ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿಯಲ್ಲಿ. ಆಟ ಅಂಥ ಚೆನ್ನಾಗಿರಲಿಲ್ಲ, ನಿಜ. ಆದರೂ ಚಿನ್ನಿದಾಂಡನ್ನು ಟಿವಿಯಲ್ಲಿ ಆಡಬಹುದೆಂಬ ಖುಷಿಗೇ ತಂದಿದ್ದೆ. ಈಗ ಆ ಅಂಗಡಿಯೂ ಇಲ್ಲ.

ಹಳೆಯ ಯಂತ್ರಕ್ಕೆಂದು ಬರೆದದ್ದನ್ನು ಹೊಸ ಯಂತ್ರವೂ ನಡೆಸಿಕೊಟ್ಟರೆ ಅದನ್ನು ನಮ್ಮ ಕಸುಬಿನಲ್ಲಿ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಅನ್ನುತ್ತೇವೆ. ಪ್ರಾಜೆಕ್ಟಿನ ಮೊದಲ ಮೀಟಿಂಗಿನಲ್ಲಿ ಇದು ಬೇಕೇ ಬೇಕೆಂದು ಎಲ್ಲರೂ ತಲೆಯಾಡಿಸುತ್ತಾರೆ. ಬಜೆಟ್ ಬಿಗಿಯಾದ ದಿನ ಮೊದಲ ಕತ್ತರಿ ಬೀಳುವುದೂ ಇದಕ್ಕೇ. ನಾನೇ ಎಷ್ಟೋ ಸಲ ಕತ್ತರಿ ಹಾಕಿದ್ದೇನೆ. "ಹಳೇ ಡೇಟಾ ಯಾರು ನೋಡ್ತಾರೆ ಬಿಡಿ" ಎಂದರೆ ಮೀಟಿಂಗು ಹತ್ತು ನಿಮಿಷ ಮುಂಚೆ ಮುಗಿಯುತ್ತದೆ.

ಪ್ಲೇಸ್ಟೇಷನ್ನಿನ ಚರಿತ್ರೆಯಲ್ಲಿ ಈ ಕತ್ತರಿ ಬಿದ್ದ ಕಥೆ ಸ್ವಾರಸ್ಯವಾಗಿದೆ. 2000ದಲ್ಲಿ ಬಂದ ಪಿಎಸ್2 ತನಗಿಂತ ಹಿಂದಿನ ಪ್ಲೇಸ್ಟೇಷನ್ನಿನ ಡಿಸ್ಕುಗಳನ್ನು ಓದುತ್ತಿತ್ತು. 15 ಕೋಟಿಗೂ ಹೆಚ್ಚು ಮಾರಾಟವಾಯಿತು. 2006ರ ನವೆಂಬರಿನಲ್ಲಿ ಪಿಎಸ್3 ಬಂತು. ಅದರ ಪ್ರೊಸೆಸರಿನ ಜಾತಿಯೇ ಬೇರೆ. ಹಳೆಯ ಆಟಗಳು ನಡೆಯಬೇಕಲ್ಲ? ಅದಕ್ಕೆ ಮೊದಲ ಮಾದರಿಗಳಲ್ಲಿ ಪಿಎಸ್2ರ ಮುಖ್ಯ ಚಿಪ್ಪುಗಳನ್ನೇ ಹಾಗೆಹಾಗೇ ಒಳಗೆ ಕೂರಿಸಿದ್ದರು, ಹೊಸ ಮನೆಯೊಳಗೆ ಹಳೆಯ ದೇವರಮನೆ ಇಟ್ಟ ಹಾಗೆ. ಆ ಮುಖ್ಯ ಚಿಪ್ಪಿನ ಹೆಸರು ಎಮೋಷನ್ ಎಂಜಿನ್. ನಾನು ಕಟ್ಟಿದ್ದಲ್ಲ, ಸೋನಿಯವರೇ ಇಟ್ಟ ಹೆಸರು.

ಪೆಟ್ಟಿಗೆಯ ಬೆಲೆ ಅಮೆರಿಕದಲ್ಲಿ 499 ಮತ್ತು 599 ಡಾಲರ್. ದುಬಾರಿಯೆಂದು ಎಲ್ಲ ಕಡೆ ಗೊಣಗಾಟ. 2007ರ ಮಾರ್ಚಿನಲ್ಲಿ ಯೂರೋಪಿಗೆ ಹೋದ ಮಾದರಿಯಲ್ಲಿ ಎಮೋಷನ್ ಎಂಜಿನ್ ಇರಲಿಲ್ಲ. ಚಿತ್ರ ಮೂಡಿಸುವ ಚಿಪ್ಪೊಂದು ಉಳಿದಿತ್ತು, ಮಿಕ್ಕಿದ್ದನ್ನು ಸಾಫ್ಟ್‌ವೇರ್ ಅನುಕರಿಸುತ್ತಿತ್ತು. ಕೆಲವು ಆಟ ನಡೆದವು, ಕೆಲವು ಮುಗ್ಗರಿಸಿದವು. ಅದೇ ವರ್ಷದ ಕೊನೆಗೆ ಬಂದ 40 ಜಿಬಿ ಮಾದರಿಯಲ್ಲಿ ಎರಡೂ ಇಲ್ಲ. ಸುಮಾರು ಒಂದು ವರ್ಷದೊಳಗೆ ಮೂರು ತಲೆಮಾರು ಮುಗಿದಿತ್ತು.

ಇದನ್ನು ನೆನೆದಾಗಲೆಲ್ಲ ನನಗೆ ಚೆನ್ನೈನ ಕನ್ನಡ ಮನೆಗಳು ಕಣ್ಣಮುಂದೆ ಬರುತ್ತವೆ. ಊರು ಬಿಟ್ಟು ಬಂದವರ ಒಳಗೆ ಇಡೀ ಚಿಪ್ಪು ಇರುತ್ತದೆ. ಮಕ್ಕಳಲ್ಲಿ ಅರ್ಧ, ಅರ್ಥವಾಗುತ್ತದೆ, ಮಾತು ಮುಗ್ಗರಿಸುತ್ತದೆ. ಮೊಮ್ಮಕ್ಕಳ ಹೊತ್ತಿಗೆ ಹೆಸರಿನ ಹಿಂದಿನ ಇನಿಷಿಯಲ್ಲಿನಲ್ಲಿ ಊರಿನ ಮೊದಲಕ್ಷರ ಉಳಿದರೆ ಪುಣ್ಯ. ನನ್ನ ಮಗ ಎರಡನೆಯ ಮಾದರಿ. ಶಾಲೆಯಲ್ಲಿ ಎರಡನೇ ಭಾಷೆ ತಮಿಳು. ಕನ್ನಡ ಅವನಿಗೆ ಓದೋಕೆ ಬರಲ್ಲ.

2013ರ ಪಿಎಸ್4 ಮತ್ತೆ ಜಾತಿ ಬದಲಿಸಿ ಪಿಸಿಯಂಥ ಪ್ರೊಸೆಸರಿಗೆ ಬಂತು; ಪಿಎಸ್3ರ ಡಿಸ್ಕುಗಳು ಅಲ್ಲಿಗೆ ನಿಂತವು. ಪಿಎಸ್5 ಅದೇ ಕುಟುಂಬದ್ದಾದ್ದರಿಂದ ಪಿಎಸ್4ರ ಬಹುಪಾಲು ಆಟಗಳನ್ನು ನಡೆಸುತ್ತದೆ. ಅದಕ್ಕೂ ಹಿಂದಿನದು ಬೇಕೆಂದರೆ ಕಂಪನಿಯವರು ಮನಸ್ಸು ಮಾಡಿ ಮತ್ತೆ ಮಾರಬೇಕು. ಮೈಕ್ರೋಸಾಫ್ಟ್ ಮನಸ್ಸು ಮಾಡಿತ್ತು: 2015ರಿಂದ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಹಿಂದಿನ ಎಕ್ಸ್‌ಬಾಕ್ಸ್ 360ರ ಆಟಗಳನ್ನು ಒಂದೊಂದಾಗಿ ಪರೀಕ್ಷಿಸಿ ನಡೆಯುವಂತೆ ಮಾಡಿತು. ಹಾಗಾಗದ ಆಟಗಳ ಪಟ್ಟಿ ದೊಡ್ಡದು. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು.

ನನ್ನ ಪಿಎಸ್2 ಕೂಡ ಎದ್ದು ಕೂರಲಿಲ್ಲ. ಮುಂದಿನ ಶನಿವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಮಗನ ಜೊತೆ ರಿಚ್ಚಿ ಸ್ಟ್ರೀಟಿಗೆ ಹೋದೆ. ಮೌಂಟ್ ರೋಡಿನ ಪಕ್ಕದ ಆ ಬೀದಿಯಲ್ಲಿ ಸಿಗದ ವೈರಿಲ್ಲ, ಸ್ಕ್ರೂ ಇಲ್ಲ. ಮೊಣಕಾಲಗಲದ ಅಂಗಡಿಯ ಹುಡುಗ ಮುಚ್ಚಳ ಬಿಚ್ಚಿ, "ಲೆನ್ಸ್ ಪೋಚ್ಚು ಸಾರ್" ಎಂದ. ಒಂದು ಗಂಟೆಯಲ್ಲಿ ಹೊಸದು ಕೂರಿಸಿ, ಕೆಂಪು-ಬಿಳಿ-ಹಳದಿ ವೈರುಗಳನ್ನು ಈಗಿನ ಟಿವಿಗೆ ಸಿಕ್ಕಿಸಲು ಒಂದು ಪುಟ್ಟ ಡಬ್ಬಿಯನ್ನೂ ಕೊಟ್ಟ. ಮನೆಗೆ ಬಂದು ಹಾಕಿದರೆ, ಹದಿನೈದು ವರ್ಷ ನಿದ್ದೆಯಲ್ಲಿದ್ದ ನೀಲಿ ಪರದೆ ಎದ್ದು ಬಂತು.

ಮಗ ಒಂದು ಗಂಟೆ ಆಡಿದ. ತಾನಾಗಿ ಸೇವ್ ಆಗುವುದಿಲ್ಲ ಎಂಬುದೇ ಅವನಿಗೆ ಮೊದಲ ಆಘಾತ. ಎಂಟು ಎಂಬಿಯ ಮೆಮೊರಿ ಕಾರ್ಡು ಎರಡನೆಯದು. ಒಂದು ರೇಸ್ ಆಟದಲ್ಲಿ ಹನ್ನೆರಡು ಸಲ ಸೋತು ಕೇಳಿದ:

"ಅಪ್ಪಾ, ಇದರಲ್ಲಿ ಈಜಿ ಎಲ್ಲಿ?"

"ನಮ್ಮ ಕಾಲದಲ್ಲಿ ಈಜಿ ಗೀಜಿ ಇರಲಿಲ್ಲ. ಸೋತು ಸೋತೇ ಕಲೀತಿದ್ವಿ" ಎಂದೆ.

ಸುಳ್ಳು. ಹುಡುಗನಾಗಿದ್ದಾಗ ತಿಪಟೂರಿನ ದೊಡ್ಡಪ್ಪನ ಮನೆಯಲ್ಲಿ ಒಂದು ಟಿವಿ ಗೇಮಿತ್ತು. ಅದರಲ್ಲಿ ಕಾಂಟ್ರಾ ಆಡುತ್ತಿದ್ದೆವು. ಆಟಕ್ಕೆ ಮೂರೇ ಜೀವ. ಆದರೆ ಶುರುವಿನಲ್ಲೇ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಮೂವತ್ತು ಜೀವ. ಮಗ್ಗಿ ಮರೆತರೂ ಅದು ಮರೆಯುತ್ತಿರಲಿಲ್ಲ. ಆ ಮಂತ್ರ ಹುಟ್ಟಿದ ಬಗೆ ನನಗೆ ತಿಳಿದದ್ದು ಬಹಳ ತಡವಾಗಿ. ಕೊನಾಮಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಕನ್ಸೋಲಿಗೆ ತರುತ್ತಿದ್ದರು. ಪರೀಕ್ಷಿಸಲು ಕೂತರೆ ಆಟ ಅವರಿಗೇ ತುಂಬಾ ಕಷ್ಟ. ತಮ್ಮ ಅನುಕೂಲಕ್ಕೆ ಈ ಗುಟ್ಟಿನ ದಾರಿ ಮಾಡಿಕೊಂಡರು. ಅದು ತೆಗೆಯದೆ ಉಳಿದುಹೋಯಿತು. ಅಂದರೆ, ಜಗತ್ತಿನ ಅತಿ ಪ್ರಸಿದ್ಧ ಈಜಿ ಮೋಡು ಆಟ ಮಾಡಿದವರ ಕೈಲೇ ಆಗದ್ದರಿಂದ ಹುಟ್ಟಿದ್ದು.

ಆಟಗಳು ಹಾಗೆ ಕಷ್ಟವಾಗಿದ್ದಕ್ಕೆ ಕಾರಣವೂ ವೀರಾವೇಶದ್ದಲ್ಲ. ಅಂಗಡಿಯ ಆರ್ಕೇಡ್ ಯಂತ್ರಕ್ಕೆ ಆಡುವವನು ಬೇಗ ಸತ್ತರೆ ಲಾಭ, ಮತ್ತೊಂದು ನಾಣ್ಯ ಬೀಳುತ್ತದೆ. ಮನೆಗೆ ಬಂದ ಮೇಲೂ ಆ ಚಾಳಿ ಉಳಿಯಿತು. ಸುಲಭ ಬೇಕೆಂದವನನ್ನು ಆಟವೇ ಅಣಕಿಸುತ್ತಿತ್ತು. 1992ರ ವುಲ್ಫನ್‌ಸ್ಟೈನ್ 3ಡಿಯಲ್ಲಿ ಅತಿ ಸುಲಭದ ಮಟ್ಟದ ಹೆಸರು 'ಅಪ್ಪಾ, ನಾನೂ ಆಡ್ಲಾ?' ಎಂಬರ್ಥದ್ದು, ಪಕ್ಕದಲ್ಲಿ ನಾಯಕನ ಮುಖಕ್ಕೆ ಕೂಸಿನ ಕುಲಾವಿ ತೊಡಿಸಿದ ಚಿತ್ರ. ಕಾಲೇಜಿನ ಲ್ಯಾಬಿನಲ್ಲಿ ಅದನ್ನು ನೋಡಿ ನಾವೆಲ್ಲ ಬಿದ್ದೂ ಬಿದ್ದೂ ನಕ್ಕಿದ್ದೆವು. ಯಾರೂ ಅದನ್ನು ಆರಿಸುತ್ತಿರಲಿಲ್ಲ. ಕನಿಷ್ಠ, ಯಾರಾದರೂ ನೋಡುತ್ತಿರುವಾಗ.

ಕಷ್ಟವನ್ನೇ ಏರಿಸುತ್ತ ಹೋದರೆ ಏನಾಗುತ್ತದೆಂದು ತಿಳಿಯಲು ನಾವು ಜಪಾನಿಗೆ ಹೋಗಬೇಕಿಲ್ಲ, ಮೈಸೂರು ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಹುಚ್ಚು. ಅವರ ಶ್ರೀತತ್ತ್ವನಿಧಿಯ ಒಂಬತ್ತು ಭಾಗಗಳಲ್ಲಿ ಕೊನೆಯ ಕೌತುಕನಿಧಿಯಲ್ಲಿ ಆಟಗಳದೇ ಲೋಕವಿದೆ. ಅದರಲ್ಲಿನ ಛದ್ ಎಂಬ ಗಂಜೀಫಾ ಆಟಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಹೆಚ್ಚು ಎಲೆ. ದೇವದೇವತೆಯರ ಚಿತ್ರ ಬರೆದ ಆ ಎಲೆಗಳನ್ನು ಈಗಲೂ ಕಲಾವಿದರು ಮಾಡುತ್ತಾರೆ, ಜನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆಡುವವರನ್ನು ನಾನು ಒಬ್ಬರನ್ನೂ ಕಂಡಿಲ್ಲ.

ಅಳಗುಳಿ ಮಣೆಯ ವಿಧಿ ಬೇರೆ. ಎರಡು ವರ್ಷದ ಹಿಂದೆ ಅಮ್ಮ ತಿಪಟೂರಿನಿಂದ ನಮ್ಮಲ್ಲಿಗೆ ಬಂದಿದ್ದಾಗ, ಎದುರುಮನೆಯ ಪಾಟಿ ಒಂದು ಮಧ್ಯಾಹ್ನ ಪಲ್ಲಾಂಗುಳಿ ಹಲಗೆ ಹಿಡಿದು ಬಂದರು. ಏಳೇಳರ ಎರಡು ಸಾಲು ಗುಳಿ, ಹುಣಸೆಬೀಜ. ಅಮ್ಮನಿಗೆ ತಮಿಳು ಬಾರದು, ಪಾಟಿಗೆ ಕನ್ನಡ ಬಾರದು. ಖಾಲಿ ಗುಳಿಯ ಪಕ್ಕದ್ದನ್ನು ಬಾಚಿಕೊಂಡ ಮೇಲೆ ಆಟ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಹತ್ತು ನಿಮಿಷ ಕೈಸನ್ನೆಯ ಜಗಳವಾಯಿತು. ಆಮೇಲೆ ಒಂದು ಸಲ ಅವರ ಕಾಯಿದೆ, ಒಂದು ಸಲ ನಮ್ಮ ಕಾಯಿದೆ ಎಂದು ತೀರ್ಮಾನವಾಗಿ ಸಂಜೆಯವರೆಗೂ ಆಡಿದರು. ನನ್ನ ಪಿಎಸ್2ಗೆ ಬೇರೆ ದೇಶದ ಡಿಸ್ಕ್ ಹಾಕಿದರೆ ರೀಜನ್ ಲಾಕ್ ಎಂದು ಮುಖ ತಿರುಗಿಸುತ್ತದೆ. ಆ ಹಲಗೆಗೆ ಅಂಥ ಬೀಗವೇನೂ ಇರಲಿಲ್ಲ.

ಇನ್ನು ನನ್ನ ಗರ್ವಭಂಗದ ಸಂಗತಿ. ಮಗನಿಗೆ 'ಸೆಲೆಸ್ಟ್' ಎಂಬ ಆಟ ಇಷ್ಟ. 2018ರದು; ಪಿಎಸ್4ಗಾಗಿ ಬಂದದ್ದು ಪಿಎಸ್5ರಲ್ಲೂ ನಡೆಯುತ್ತದೆ. ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ನೆಗೆದು, ಗೋಡೆ ಹಿಡಿದು, ಮತ್ತೆ ನೆಗೆಯಬೇಕು. ಕೂದಲೆಳೆ ತಪ್ಪಿದರೂ ಸಾವು. ನನಗೆ ಚಾಳೀಸು ಬಂದಿದೆ, ಹೆಬ್ಬೆರಳು ಮೊದಲಿನ ಹಾಗೆ ಓಡುವುದಿಲ್ಲ. ಒಂದೇ ಜಾಗದಲ್ಲಿ ಮೂರು ರಾತ್ರಿ ಸತ್ತೆ. ನಾಲ್ಕನೆಯ ರಾತ್ರಿ ದಾಟಿಬಿಟ್ಟೆ! ಅದರ ಮುಂದಿನದನ್ನೂ ದಾಟಿದೆ. ಮಾರನೆಯ ದಿನ ಆಫೀಸಿನ ಊಟದ ಮೇಜಿನಲ್ಲಿ ಇಪ್ಪತ್ತೈದರ ಹುಡುಗರ ಮುಂದೆ, "ಅಭ್ಯಾಸ ಮಾಡಿದರೆ ವಯಸ್ಸು ಏನೂ ಅಲ್ಲ" ಎಂದು ಒಂದು ಪುಟ್ಟ ಭಾಷಣವೂ ಆಯಿತು.

ಅಂದು ರಾತ್ರಿ ಆಟ ನಿಲ್ಲಿಸಿ ಏನೋ ಹುಡುಕುವಾಗ ಮೆನುವಿನಲ್ಲಿ ಕಂಡಿತು: ಅಸಿಸ್ಟ್ ಮೋಡ್. ವೇಗ ಶೇ. 80. ಮಗ ನನಗೆ ಗೊತ್ತಾಗದಂತೆ ಇಳಿಸಿದ್ದ.

ಬಂದ ಸಿಟ್ಟಿಗೆ ಅವನನ್ನು ಕರೆದು ಬೈದೆ. "ಮೋಸ ಅಲ್ವೇನೋ ಇದು? ನಾನೇನು ಮುದುಕನಾ?" ಅವನು ಕಾಲಿನ ಉಂಗುಷ್ಠ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ, ತಮಿಳು ಬೆರೆತ ಅವನ ಕನ್ನಡದಲ್ಲಿ ಹೇಳಿದ: "ನೀನು ಬಿಟ್ಟುಬಿಡ್ತೀಯಾ ಅಂತ ಅನ್ಸಿತು ಅಪ್ಪಾ. ಬಿಟ್ರೆ ನನ್ ಜೊತೆ ಆಡಕ್ಕೆ ಯಾರೂ ಇಲ್ಲ."

ಹೆಂಡತಿ ಅಡುಗೆಮನೆಯಿಂದಲೇ, "ಅವನು ಮಾಡಿದ್ದಕ್ಕೆ ಕೋಪಾನಾ, ಹೇಳದೆ ಮಾಡಿದ್ದಕ್ಕಾ?" ಎಂದಳು. ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಕಷ್ಟದ ಮಟ್ಟವನ್ನು ಆಟಗಳು ಮೂರು ಥರ ನಿಭಾಯಿಸುತ್ತವೆ. 2019ರ 'ಸೆಕಿರೊ' ಥರದವು ಮಟ್ಟದ ಆಯ್ಕೆಯನ್ನೇ ಕೊಡುವುದಿಲ್ಲ. ಇರುವುದು ಒಂದೇ ಬೆಟ್ಟ, ಹತ್ತಿದರೆ ಹತ್ತು. ಅದಕ್ಕೊಂದು ಘನತೆಯಿದೆ, ಗೆದ್ದವನ ಸುಖವೂ ದೊಡ್ಡದು; ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿಯೂ ಅದಕ್ಕೇ ಬಂತು. 2005ರ 'ರೆಸಿಡೆಂಟ್ ಈವಿಲ್ 4' ಥರದವು ಹೇಳದೆ ಬದಲಾಗುತ್ತವೆ. ನೀವು ಸೋಲುತ್ತ ಹೋದರೆ ಶತ್ರುಗಳ ಆರ್ಭಟ ತಗ್ಗುತ್ತದೆ, ಗೆಲ್ಲುತ್ತ ಹೋದರೆ ಏರುತ್ತದೆ. ಪರದೆಯ ಮೇಲೆ ಸುಳಿವಿರುವುದಿಲ್ಲ. ಮೂರನೆಯದು ಸೆಲೆಸ್ಟ್‌ನ ದಾರಿ. ವೇಗವನ್ನು ಅರ್ಧದವರೆಗೂ ಇಳಿಸಿಕೊಳ್ಳಬಹುದು, ದಣಿವಾಗದಂತೆ ಮಾಡಿಕೊಳ್ಳಬಹುದು, ಸಾವೇ ಬಾರದಂತೆಯೂ ಮಾಡಿಕೊಳ್ಳಬಹುದು. ಎಲ್ಲ ಬಿಚ್ಚಿಟ್ಟಿರುತ್ತದೆ, ಆರಿಸುವುದು ಆಡುವವರಿಗೇ ಬಿಟ್ಟದ್ದು, ಕುಲಾವಿಯ ಅಣಕ ಇಲ್ಲ. ಎರಡು ವರ್ಷದ ನಂತರ ಬಂದ 'ದಿ ಲಾಸ್ಟ್ ಆಫ್ ಅಸ್ ಭಾಗ 2'ರಲ್ಲಿ ಕಣ್ಣು, ಕಿವಿ, ಕೈಗಳ ತೊಂದರೆಯಿರುವವರಿಗಾಗಿ ಅರವತ್ತಕ್ಕೂ ಹೆಚ್ಚು ಹೊಂದಾಣಿಕೆಗಳಿದ್ದವು.

ನಿದ್ದೆ ಬಾರದ ಆ ರಾತ್ರಿ ನನಗೆ ಹೊಳೆದದ್ದು ಇಷ್ಟು: ಕನ್ನಡದ ವಿಷಯದಲ್ಲಿ ನಾನು ಮಗನಿಗೆ ಸೆಕಿರೊ ಆಗಿದ್ದೆ.

ಅವನು ಬಾಯಿ ತೆರೆದರೆ ತಿದ್ದುತ್ತಿದ್ದೆ. "ಇಲ್ಲ ಅಲ್ಲ, ಅಲ್ಲ." "ಅಜ್ಜಿ ಬಂದ ಅಲ್ಲ, ಬಂದಳು. ಬಂದರು ಅಂದರೆ ಇನ್ನೂ ಒಳ್ಳೇದು." ಆರೇಳು ವರ್ಷದವನಿದ್ದಾಗ ವಂಡಲೂರಿನ ಮೃಗಾಲಯದಿಂದ ಬಂದು "ಪುಲಿ ನೋಡ್ದೆ" ಎಂದು ಕುಣಿದಿದ್ದ. ಎಲ್ಲಿ ನೋಡಿದೆ, ಹೇಗಿತ್ತು ಎಂದು ಕೇಳುವ ಬದಲು "ಪುಲಿ ಅಲ್ಲ, ಹುಲಿ. ಹು! ಹು!" ಎಂದು ನಾಲ್ಕು ಸಲ ಹೇಳಿಸಿದ್ದೆ. ಕುಣಿತ ಅಲ್ಲಿಗೆ ನಿಂತಿತ್ತು. ಪಾಲು ಅಂದರೆ ಹಾಲು, ಪೂ ಅಂದರೆ ಹೂ. ಹನ್ನೊಂದರ ಹೊತ್ತಿಗೆ ಅವನು ನನ್ನೊಂದಿಗೆ ಇಂಗ್ಲಿಷಿಗೆ ಹೊರಳಿದ. ಇಂಗ್ಲಿಷಿನಲ್ಲಿ ತಪ್ಪು ಮಾಡಿದರೆ ನಾನು ತಿದ್ದುತ್ತಿರಲಿಲ್ಲವಲ್ಲ.

ಇದರಲ್ಲಿ ತಮಾಷೆಯೆಂದರೆ, ಅವನದು ತಪ್ಪೂ ಆಗಿರಲಿಲ್ಲ. ಪಿಯುಸಿಯಲ್ಲಿ ಹಳಗನ್ನಡ ಓದಿದವರಿಗೆಲ್ಲ ಗೊತ್ತು: ಅಲ್ಲಿ ಹುಲಿ ಪುಲಿಯೇ, ಹಾಲು ಪಾಲೇ, ಹೂ ಪೂವೇ, ಹಲ್ಲು ಪಲ್ಲೇ. ಪಂಪನ ಕಾಲದಲ್ಲಿ ಹುಲಿಯೆಂದವನನ್ನು ಯಾರಾದರೂ ಅಪ್ಪ ತಿದ್ದಿರಬೇಕು. ಕನ್ನಡ ಪಕಾರವನ್ನು ಹಕಾರ ಮಾಡಿಕೊಂಡು ಮುಂದೆ ಬಂತು, ತಮಿಳು ಹಳೆಯದನ್ನು ಉಳಿಸಿಕೊಂಡಿತು. ಮಗ ಬೀದಿಯಿಂದ ಹೊತ್ತು ತಂದದ್ದು ನಮ್ಮ ಮನೆಯದೇ ಹಳೆಯ ಡಿಸ್ಕು. ಎಂಟೆಕ್ ಮಾಡಿದ ನನ್ನ ಪೆಟ್ಟಿಗೆಗೆ ಅದನ್ನು ಓದೋಕೆ ಬರಲಿಲ್ಲ.

ಅಮ್ಮ ಮಾತ್ರ ಅವನನ್ನು ಒಮ್ಮೆಯೂ ತಿದ್ದಿದವಳಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅವರಿಬ್ಬರ ಮಾತು ನಡೆಯುತ್ತದೆ. ಎಷ್ಟೋ ವರ್ಷ ಅದನ್ನು ಕೇಳಿಸಿಕೊಂಡರೂ ಗಮನಿಸಿರಲಿಲ್ಲ. ಈ ಪ್ರಸಂಗದ ಮೇಲೆ ಕಿವಿಗೊಟ್ಟೆ. ನನ್ನ ಜೊತೆ ಅಮ್ಮ ತಿಪಟೂರಿನ ವೇಗದಲ್ಲಿ, ಕೊಬ್ಬರಿ ರೇಟಿನಿಂದ ಪಕ್ಕದ ಮನೆಯ ನಿಷೇಕದವರೆಗೆ ಒಂದೇ ಉಸಿರಿನಲ್ಲಿ ಹೋಗುತ್ತಾಳೆ. ಮೊಮ್ಮಗ ಫೋನು ತೆಗೆದುಕೊಂಡೊಡನೆ ವಾಕ್ಯಗಳು ಗಿಡ್ಡವಾಗುತ್ತವೆ. ಅವನಿಗೆ ಒಂದು ಪದ ತಿಳಿಯದಿದ್ದರೆ ಅದನ್ನೇ ಬೇರೆ ಪದದಲ್ಲಿ ಇನ್ನೊಮ್ಮೆ ಹೇಳುತ್ತಾಳೆ, ತಿಳಿಯಲಿಲ್ಲವೆಂದು ತೋರಿಸಿಕೊಡದೆ. ಅವನು ಲಹರಿಗೆ ಬಂದ ದಿನ ಒಂದು ಗಾದೆ ಸೇರಿಸುತ್ತಾಳೆ, ಒಂದು ಒಗಟು ಎಸೆಯುತ್ತಾಳೆ. ಸುಸ್ತಾದ ದಿನ "ಊಟ ಆಯ್ತಾ ಕಂದಾ" ಎಂಬಲ್ಲಿಗೆ ಇಳಿಸುತ್ತಾಳೆ. ಅವನಿಗೆ ಇದೊಂದೂ ಗೊತ್ತಿಲ್ಲ. ಅಜ್ಜಿಯ ಜೊತೆ ತನ್ನ ಕನ್ನಡ ಚೆನ್ನಾಗಿದೆ, ಅಪ್ಪನ ಜೊತೆ ಮಾತ್ರ ಕೆಟ್ಟದು ಎಂದುಕೊಂಡಿದ್ದಾನೆ. ಮಗ ನನಗೆ ಮಾಡಿದ್ದನ್ನೇ ಅಮ್ಮ ಅವನಿಗೆ ಮಾಡುತ್ತ ಬಂದಿದ್ದಳು. ಕಾರಣವೂ ಅದೇ. ಬಿಟ್ಟುಬಿಟ್ಟರೆ ಜೊತೆಗೆ ಯಾರಿದ್ದಾರೆ?

ಅಮ್ಮನಿಗೆ ಈಗ ಎಪ್ಪತ್ತನಾಲ್ಕು. ಕಿವಿ ಮಂದವಾಗುತ್ತಿದೆ. ನಮ್ಮ ಮನೆಯಲ್ಲಿ ಇಡೀ ಚಿಪ್ಪು ಇರುವುದು ಅವಳೊಳಗೆ. ನಾನು ಅದನ್ನು ಅನುಕರಿಸುವ ಸಾಫ್ಟ್‌ವೇರ್, ಅದೂ ಮುಗ್ಗರಿಸಿದವರಿಗೆ ಬೈಯುವಂಥದು. ಅವಳ ನಂತರ ಈ ಡಿಸ್ಕುಗಳನ್ನು ಓದುವವರು ಯಾರು ಎಂಬ ಪ್ರಶ್ನೆಯನ್ನು ಆಫೀಸಿನ ಮೀಟಿಂಗಿನ ಹಾಗೆ "ಯಾರು ನೋಡ್ತಾರೆ ಬಿಡಿ" ಎಂದು ಮುಗಿಸಲು ನನ್ನಿಂದ ಆಗುತ್ತಿಲ್ಲ.

ಹಾಗಂತ ದೊಡ್ಡ ಬದಲಾವಣೆಯೇನೂ ಆಗಿಲ್ಲ. ತಿದ್ದಬೇಕೆಂದು ಬಾಯಿಗೆ ಬಂದದ್ದನ್ನು ಮೂರಕ್ಕೆ ಎರಡು ಸಲ ನುಂಗಿಕೊಳ್ಳುತ್ತೇನೆ. ಮೂರನೆಯದು ಇನ್ನೂ ತಪ್ಪಿ ಹೊರಬೀಳುತ್ತದೆ. ಮಗ ಇಂಗ್ಲಿಷಿನಿಂದ ಅರ್ಧ ದಾರಿ ವಾಪಸು ಬಂದಿದ್ದಾನೆ. ಅಕ್ಷರ ಕಲಿಸು ಎಂದು ಅವನೂ ಕೇಳಿಲ್ಲ, ನಾನೂ ಒತ್ತಾಯಿಸಿಲ್ಲ. ಫ್ರಿಜ್ಜಿನ ಮೇಲಿನ ಸಾಮಾನಿನ ಚೀಟಿಯನ್ನು ಮಾತ್ರ ಕನ್ನಡದಲ್ಲಿ ಬರೆಯಲು ಶುರುಮಾಡಿದ್ದೇನೆ. ಅವನಿಗೆ ಬೇಕಾದ ಚಿಪ್ಸ್ ಅದರಲ್ಲಿದೆಯೋ ಇಲ್ಲವೋ ಎಂದು ತಿಳಿಯಲು ಈಗೀಗ ಚೀಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾನೆ.

ಮೊನ್ನೆ ಭಾನುವಾರ ಫೋನಿನಲ್ಲಿ ಅವನು, "ಅಜ್ಜಿ, ಪಾಲು ಕುಡಿದ್ಯಾ?" ಎಂದ. ಅವಳಿಗೆ ಕೇಳಿಸಲಿಲ್ಲ. ಅವನು ಬೇಸರಪಡದೆ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಇನ್ನೊಮ್ಮೆ ಹೇಳಿದ. ಆ ಕಡೆಯಿಂದ ನಗು: "ಕುಡಿದೆ ಕಂದಾ. ಪಾಲೂ ಕುಡಿದೆ, ಹಾಲೂ ಕುಡಿದೆ."

ರಾತ್ರಿ ಊಟವಾದ ಮೇಲೆ ಸೆಲೆಸ್ಟ್ ಹಾಕಿದೆವು. ಮ್ಯಾಡಲಿನ್ ಒಂದು ಗಾಳಿ ಬೀಸುವ ಬಂಡೆಯ ಹತ್ತಿರ ಏಳು ಸಲ ಬಿದ್ದಳು. ಮಗ ನನ್ನ ಮುಖ ನೋಡಿದ.

"ಅಪ್ಪಾ, ಈಜಿ ಇಡ್ಲಾ?"

"ಇಡು. ಎಷ್ಟು ಇಡ್ತೀಯ ಹೇಳಿ ಇಡು."

"ಎಂಬತ್ತು?"

"ತೊಂಬತ್ತು ಇಡು, ನೋಡೋಣ."